ಕರೂ ಬಯಲಿನ ದೂರದರ್ಶಕ: ಉದ್ಯಾನವಾದ ಮೇಲೂ ಜಗಳವೇಕೆ?

ಪ್ರಶ್ನೆ: ನಮಸ್ಕಾರ ಸರ್. ದಕ್ಷಿಣ ಆಫ್ರಿಕಾದ ಕರೂ ಪ್ರದೇಶದಲ್ಲಿ ‘ಸ್ಕ್ವೇರ್ ಕಿಲೋಮೀಟರ್ ಅರೇ’ ಎಂಬ ರೇಡಿಯೋ ದೂರದರ್ಶಕಕ್ಕಾಗಿ ಕೊಂಡ ಜಮೀನನ್ನು ಅಲ್ಲಿನ ಸರ್ಕಾರ 2020ರಲ್ಲಿ ಮೀರ್‌ಕ್ಯಾಟ್ ರಾಷ್ಟ್ರೀಯ ಉದ್ಯಾನವೆಂದು ಘೋಷಿಸಿದೆಯೆಂದು ಓದಿದೆ. ನಿಸರ್ಗಕ್ಕೂ ವಿಜ್ಞಾನಕ್ಕೂ ಒಟ್ಟಿಗೇ ಒಳಿತಾಗುವುದಾದರೆ ರೈತರು ವಿರೋಧಿಸಿದ್ದೇಕೆ?

ಉತ್ತರ: ನಮಸ್ಕಾರ. ಅಲ್ಲಿನ ವಾದ ದೂರದರ್ಶಕಕ್ಕೂ ವನ್ಯಜೀವಿಗಳಿಗೂ ನಡುವಿನದು ಎಂದುಕೊಂಡರೆ ದಾರಿ ತಪ್ಪುತ್ತದೆ. ಇಬ್ಬರಿಗೂ ಬೇಕಾದದ್ದು ಜನಸಂಚಾರವಿಲ್ಲದ ವಿಶಾಲ ಬಯಲು. ಸುಮಾರು 1,35,000 ಹೆಕ್ಟೇರ್ ನೆಲವನ್ನು ಉದ್ಯಾನವಾಗಿಸುವುದು ಸುಲಭವಾದದ್ದೂ ಅದಕ್ಕೇ. ತಕರಾರು ಇರುವುದು ಆ ನೆಲದಲ್ಲಿ ಮತ್ತು ಅದರ ಅಂಚಿನಲ್ಲಿ ಕುರಿ ಸಾಕಿ ಬದುಕುವವರೊಂದಿಗೆ. ಕುರಿಗಳೂ ಕಾಯುವವರೂ ಹೋದ ಜಾಗದಲ್ಲಿ ನರಿಗಳು ಹೆಚ್ಚಿ ತಮ್ಮ ಮಂದೆಗೆ ನುಗ್ಗುತ್ತವೆ, ಕೂಲಿಯವರಿಗೆ ಕೆಲಸ ತಪ್ಪುತ್ತದೆ, ಕಾರ್ನಾರ್ವನ್‌ನಂಥ ಸಣ್ಣ ಪಟ್ಟಣದ ವ್ಯಾಪಾರ ಕುಗ್ಗುತ್ತದೆ ಎಂಬುದು ಅವರ ಆತಂಕ. ಇದರ ಮೇಲೆ, ಖಗೋಳ ವೀಕ್ಷಣೆಗೆ ಅನುಕೂಲವಾದ ಪ್ರದೇಶಗಳ ರಕ್ಷಣೆಗೆಂದು 2007ರಲ್ಲಿ ಬಂದ ಕಾನೂನು, ಸುತ್ತಲಿನ ರೇಡಿಯೋ ಮತ್ತು ಮೊಬೈಲ್ ಬಳಕೆಗೆ ಮಿತಿ ಹಾಕುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿದೆ. ಹತ್ತಾರು ಕಿಲೋಮೀಟರ್‌ಗೊಂದು ಮನೆಯಿರುವ ಕಡೆ ಫೋನ್ ಇಲ್ಲದಿರುವುದು ಎಂಥ ಕಷ್ಟವೆಂದು ನಮ್ಮ ಮಲೆನಾಡಿನವರಿಗೆ ಹೇಳಬೇಕಾಗಿಲ್ಲ.

ಇಷ್ಟು ಕಟ್ಟುನಿಟ್ಟು ಅತಿಯಲ್ಲವೇ ಎಂದು ನೀವು ಕೇಳಬಹುದು. ಕಾಡಂಚಿನ ತೋಟದಲ್ಲಿ ಸೋಲಾರ್ ಬೇಲಿಯ ಪಕ್ಕ ಹಳೆಯ ಮೀಡಿಯಂ ವೇವ್ ರೇಡಿಯೋ ಹಚ್ಚಿ ನೋಡಿ. ತಂತಿಗೆ ಹುಲ್ಲು ತಾಗಿ ಕಿಡಿ ಹಾರಿದಾಗಲೆಲ್ಲ ‘ಟಿಕ್, ಟಿಕ್’ ಎಂದು ಕೇಳುತ್ತದೆ. ಈ ದೂರದರ್ಶಕ ಹಿಡಿಯಬೇಕಾದದ್ದೂ ರೇಡಿಯೋ ಅಲೆಗಳನ್ನೇ; ದೂರದ ಗೆಲಾಕ್ಸಿಯ ಜಲಜನಕದಿಂದ ಬರುವ ಸಂಕೇತ ಆ ಕಿಡಿಯ ಮುಂದೆ ಏನೇನೂ ಅಲ್ಲ. ಆದ್ದರಿಂದ ನಿರ್ಬಂಧದ ಹಿಂದಿನ ತಾಂತ್ರಿಕ ಕಾರಣ ನಿಜವೇ. ಆದರೆ ನೆಲವನ್ನು ಉದ್ಯಾನವೆಂದು ಕರೆದುಬಿಟ್ಟ ಮಾತ್ರಕ್ಕೆ ನೆರೆಯವರ ನಷ್ಟದ ಲೆಕ್ಕ ಚುಕ್ತಾ ಆಗುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ನರಿ ಹಿಡಿದ ಕುರಿಗೆ ಪರಿಹಾರ ಮತ್ತು ಬದಲಿ ದೂರವಾಣಿ ವ್ಯವಸ್ಥೆ, ಇವೆರಡೂ ಯೋಜನಾ ವೆಚ್ಚದಲ್ಲೇ ಸೇರಬೇಕು. ಭಾರತವೂ ಈ ದೂರದರ್ಶಕ ಯೋಜನೆಗೆ 1,250 ಕೋಟಿ ರೂಪಾಯಿ ಮಂಜೂರು ಮಾಡಿರುವುದರಿಂದ ಈ ಪ್ರಶ್ನೆ ಕೇಳುವ ಹಕ್ಕು ನಮಗೂ ಇದೆ.

ಮರುಪ್ರಶ್ನೆ: ನಮ್ಮ ಶರಾವತಿ ಹಿನ್ನೀರಿನಲ್ಲೂ ಇಂಥದ್ದೊಂದನ್ನು ಇಟ್ಟಿದ್ದರಂತಲ್ಲ? ಅಲ್ಲಿ ಯಾರಿಗೂ ಜಮೀನು ಹೋದ ಸುದ್ದಿ ಕೇಳಲಿಲ್ಲ.

ಉತ್ತರ: ಅದು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ‘ಸರಸ್’ ಎಂಬ ರೇಡಿಯೋ ದೂರದರ್ಶಕ. 2020ರಲ್ಲಿ ದಂಡಿಗಾನಹಳ್ಳಿ ಕೆರೆಯಲ್ಲೂ ಶರಾವತಿ ಹಿನ್ನೀರಿನಲ್ಲೂ ಅದನ್ನು ತೆಪ್ಪದ ಮೇಲೆ ತೇಲಿಬಿಟ್ಟಿದ್ದರು. ನೆಲದಡಿಯ ಮಣ್ಣು, ಬಂಡೆಯ ಪದರಗಳು ಅಳತೆಯನ್ನು ಕೆಡಿಸುತ್ತವೆ. ನೀರಾದರೆ ಆಂಟೆನಾದ ಕೆಳಗೆ ಒಂದೇ ಸಮನಾಗಿರುತ್ತದೆ. ಒಂದೇ ಆಂಟೆನಾ ಆದ್ದರಿಂದ ಕೆಲಸ ಮುಗಿದೊಡನೆ ದಡಕ್ಕೆಳೆದು ಮನೆಗೆ ಒಯ್ಯಬಹುದಿತ್ತು. ಕರೂವಿನಲ್ಲಿ ನಿಲ್ಲಬೇಕಾದ ತಟ್ಟೆಯಾಕಾರದ ಆಂಟೆನಾಗಳು 197.