ಬೇರೆ ಬೇರೆ ತಾಲ್ಲೂಕಿನ ಹುಡುಗರನ್ನು ಒಂದು ಟೀಮ್ ಮಾಡುವುದು ಹೇಗೆ?

ಹಾಸನ_ಪಿಟಿ_ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ಹಾಸನದ ಹತ್ತಿರ ಒಂದು ಹೈಸ್ಕೂಲಿನಲ್ಲಿ ಪಿಟಿ ಮೇಷ್ಟ್ರು ನಾನು. ಈ ಸಲ ಜಿಲ್ಲಾ ಫುಟ್‌ಬಾಲ್ ತಂಡದ ಹುಡುಗರನ್ನು ನೋಡಿಕೊಳ್ಳುವ ಕೆಲಸ ನನಗೆ ಬಂದಿದೆ. ಸಕಲೇಶಪುರ, ಅರಸೀಕೆರೆ, ಬೇಲೂರು, ಹಾಸನ ಟೌನ್, ಎಲ್ಲ ಕಡೆಯವರೂ ಇದ್ದಾರೆ. ಒಬ್ಬೊಬ್ಬನೂ ಒಳ್ಳೆ ಆಟಗಾರ. ಆದರೆ ಟೌನ್ ಹುಡುಗರು ತಮ್ಮವರಿಗೇ ಪಾಸ್ ಕೊಡುತ್ತಾರೆ, ಸಕಲೇಶಪುರದವನು ಪಕ್ಕದಲ್ಲೇ ಖಾಲಿ ನಿಂತು ಕೈ ಎತ್ತಿದರೂ ನೋಡುವುದಿಲ್ಲ. ಊಟಕ್ಕೂ ಬೇರೆ ಬೇರೆ ಕೂರುತ್ತಾರೆ. ತಾಲ್ಲೂಕು ಪಂದ್ಯಗಳಲ್ಲಿ ಆದ ಜಗಳ ಇನ್ನೂ ಮನಸ್ಸಿನಲ್ಲಿದೆ.

ನಮ್ಮ ಭಾರತ ತಂಡದ ಸಮಸ್ಯೆಯೂ ಇದೇ ಅಲ್ವಾ? ವರ್ಷವೆಲ್ಲ ಕ್ಲಬ್‌ಗಳ ಲೀಗ್ ಐಎಸ್‌ಎಲ್‌ನಲ್ಲಿ ಎದುರಾಳಿಗಳಾಗಿ ಆಡಿ, ಆಮೇಲೆ ಕೆಲವೇ ದಿನಕ್ಕೆ ಎಲ್ಲರಿಗೂ ಒಂದೇ ಜೆರ್ಸಿ. ನಮ್ಮ ಕ್ಯಾಪ್ಟನ್ ಆಗಿದ್ದ ಸುನಿಲ್ ಛೆಟ್ರಿ ಜೂನ್ 2024ರಲ್ಲಿ ಕೋಲ್ಕತ್ತಾದಲ್ಲಿ ಕುವೈತ್ ವಿರುದ್ಧ ಆಡಿ ನಿವೃತ್ತಿಯಾದರು. ಮಾರ್ಚ್ 2025ರಲ್ಲಿ ಮತ್ತೆ ಅವರನ್ನೇ ಕರೆಸಬೇಕಾಯಿತು. ಬಂದವರು ಮಾಲ್ಡೀವ್ಸ್ ಮೇಲೆ ಗೋಲನ್ನೂ ಹೊಡೆದರು, ಅದು ಬೇರೆ ಮಾತು. ಆದರೆ ಅವರ ಜಾಗದಲ್ಲಿ ನಿಲ್ಲುವ ಇನ್ನೊಬ್ಬ ಬೆಳೆದಿರಲಿಲ್ಲ ಅಂತ ತಾನೇ ಅರ್ಥ? ರಾಷ್ಟ್ರೀಯ ತಂಡಗಳು ಇಷ್ಟು ಕಡಿಮೆ ಸಮಯದಲ್ಲಿ ಹೇಗೆ ಒಂದಾಗುತ್ತವೆ? ಕ್ಯಾಪ್ಟನ್ ಯಾರಾಗಬೇಕು, ಚೆನ್ನಾಗಿ ಆಡುವವನೋ, ಎಲ್ಲರೂ ಮಾತು ಕೇಳುವವನೋ? ತಿಳಿದವರು ಹೇಳಿ.

ಮೂಡಿಗೆರೆ_ಸ್ಟಾಪರ್

ಮೇಷ್ಟ್ರೇ, ಸ್ಪೇನ್ ತಂಡವನ್ನು ನೋಡಿ. 2010ರಲ್ಲಿ ವಿಶ್ವಕಪ್ ಗೆದ್ದವರು, ಹೆಚ್ಚಿನವರು ಬಾರ್ಸಿಲೋನಾ ಮತ್ತು ರಿಯಲ್ ಮ್ಯಾಡ್ರಿಡ್ ಆಟಗಾರರು. 2011ರಲ್ಲಿ ಈ ಎರಡು ಕ್ಲಬ್‌ಗಳು ಮೇಲಿಂದ ಮೇಲೆ ಎದುರಾದವು. ಮೈದಾನದಲ್ಲೇ ತಳ್ಳಾಟ, ಪತ್ರಿಕೆಗಳಲ್ಲಿ ಬೈದಾಟ, ಒಟ್ಟಿಗೆ ವಿಶ್ವಕಪ್ ಎತ್ತಿದವರೇ ಮುಖ ತಿರುಗಿಸಿಕೊಳ್ಳುವ ಸ್ಥಿತಿ ಬಂತು. ಆಗ ಸ್ಪೇನ್ ಕ್ಯಾಪ್ಟನ್ ಇಕರ್ ಕ್ಯಾಸಿಯಾಸ್, ಅವನು ಮ್ಯಾಡ್ರಿಡ್ ಗೋಲ್‌ಕೀಪರ್, ತಾನೇ ಫೋನ್ ತೆಗೆದು ಬಾರ್ಸಿಲೋನಾದ ಝಾವಿ ಜೊತೆ ಮಾತಾಡಿದ. ಅವನ ಕ್ಲಬ್ ಕೋಚ್ ಮೊರಿನ್ಯೊಗೆ ಇದು ಹಿಡಿಸಲಿಲ್ಲ. ಕ್ಲಬ್‌ನಲ್ಲಿ ತನಗೆ ತೊಂದರೆ ಆದೀತು ಅಂತ ಕ್ಯಾಸಿಯಾಸ್ ಸುಮ್ಮನಿರಲಿಲ್ಲ, ಅದೇ ನನಗೆ ದೊಡ್ಡದಾಗಿ ಕಾಣುತ್ತದೆ. 2012ರಲ್ಲಿ ಯುರೋಪಿನ ದೇಶಗಳ ಟೂರ್ನಿ ಯೂರೋ ಫೈನಲ್‌ನಲ್ಲಿ ಸ್ಪೇನ್‌ನವರು ಇಟಲಿಯನ್ನು 4-0ಯಿಂದ ಹೊಡೆದರು. ಅದೇ ವರ್ಷ ಸ್ಪೇನಿನ ಪ್ರಿನ್ಸ್ ಆಫ್ ಅಸ್ಟೂರಿಯಾಸ್ ಕ್ರೀಡಾ ಪ್ರಶಸ್ತಿಯನ್ನು ಕ್ಯಾಸಿಯಾಸ್, ಝಾವಿ ಇಬ್ಬರಿಗೂ ಸೇರಿಸಿಯೇ ಕೊಟ್ಟರು.

ಇಂಗ್ಲೆಂಡ್ ಇದಕ್ಕೆ ಉಲ್ಟಾ. ಫರ್ಡಿನಾಂಡ್, ಜೆರಾರ್ಡ್, ಲ್ಯಾಂಪಾರ್ಡ್, ಎಂಥಾ ಆಟಗಾರರು! ಕ್ಲಬ್ ಹಗೆತನ ತಂಡದೊಳಗೂ ಬಂತು ಅಂತ ಆಮೇಲೆ ಅವರೇ ಒಪ್ಪಿಕೊಂಡರು. ಯೂರೋ 2008ಕ್ಕೆ ಅರ್ಹತೆಯೇ ಸಿಗಲಿಲ್ಲ.

ಕೋಚ್ ಎಷ್ಟು ಭಾಷಣ ಮಾಡಿದರೂ ಈ ಗುಂಪು ಒಡೆಯುವುದಿಲ್ಲ. ಟೌನ್ ಗುಂಪಿನ ಮುಖ್ಯ ಹುಡುಗ ಯಾರು, ಸಕಲೇಶಪುರದ ಗುಂಪಿನಲ್ಲಿ ಯಾರು ಅಂತ ಮೊದಲು ಗೊತ್ತು ಮಾಡಿಕೊಳ್ಳಿ. ಆ ಇಬ್ಬರನ್ನು ಕೂರಿಸಿ ಬಿಟ್ಟುಬಿಡಿ, ನೀವು ಮಧ್ಯೆ ಹೋಗಬೇಡಿ.

ಕಾಫಿನಾಡು_10

ಅದೆಲ್ಲ ಸರಿ, ಆದರೆ ದಿನಗಳೇ ಸಿಗದಿದ್ದರೆ ಯಾವ ಕ್ಯಾಪ್ಟನ್ ಏನು ಮಾಡುತ್ತಾನೆ? 2023ರ ಸ್ಯಾಫ್ (ದಕ್ಷಿಣ ಏಷ್ಯಾ ಫುಟ್‌ಬಾಲ್ ಟೂರ್ನಿ) ಫೈನಲ್‌ಗೆ ಚಿಕ್ಕಮಗಳೂರಿಂದ ಗೆಳೆಯರ ಜೊತೆ ಕಂಠೀರವಕ್ಕೆ ಹೋಗಿದ್ದೆ. ಕುವೈತ್ ಮೊದಲು ಗೋಲು ಹೊಡೆಯಿತು. ಆಮೇಲೆ ಕೇರಳದ ಸಹಲ್ ಕೊಟ್ಟ ಪಾಸ್, ಮಿಜೋರಾಂನ ಛಾಂಗ್ಟೆ ಗೋಲು. ಒಬ್ಬ ಆಗ ಕೇರಳ ಬ್ಲಾಸ್ಟರ್ಸ್ ಕ್ಲಬ್, ಇನ್ನೊಬ್ಬ ಮುಂಬೈ ಸಿಟಿ. ಛಾಂಗ್ಟೆ ಎಲ್ಲಿಗೆ ಓಡಿ ಬರುತ್ತಾನೆ ಅಂತ ಸಹಲ್‌ಗೆ ಗೊತ್ತಿತ್ತು. ಪೆನಾಲ್ಟಿಯಲ್ಲಿ 5-4ರಿಂದ ಗೆದ್ದೆವು. ಇದು ಸುಮ್ನೆ ಆಗಿದ್ದಲ್ಲ. ಭುವನೇಶ್ವರದ ಕ್ಯಾಂಪ್, ಇಂಟರ್‌ಕಾಂಟಿನೆಂಟಲ್ ಕಪ್, ಆಮೇಲೆ ಸ್ಯಾಫ್, ಒಂದು ತಿಂಗಳಿಗೂ ಜಾಸ್ತಿ ಒಟ್ಟಿಗಿದ್ದರು.

ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ಗೆ ಕ್ಲಬ್‌ಗಳು ಆಟಗಾರರನ್ನು ಬಿಡಲು ಹಿಂದೇಟು ಹಾಕಿ, ಹೇಗೋ ಒಂದು ತಂಡ ಸೇರಿಸಿ, ಪಂದ್ಯದ ಹಿಂದಿನ ದಿನ ತಲುಪಿದರು. ಚೀನಾ ಮೇಲೆ 5-1ರಿಂದ ಸೋತರು. ಆವತ್ತೂ ಕ್ಯಾಪ್ಟನ್ ಛೆಟ್ರಿಯೇ. ಮೇಷ್ಟ್ರೇ, ಹೆಡ್‌ಮಾಸ್ಟರ್‌ಗಳ ಕೈಕಾಲು ಹಿಡಿದಾದರೂ ಇನ್ನೆರಡು ದಿನ ಜಾಸ್ತಿ ಕೇಳಿ.

ಹಳೇ_ಗೋಲಿ

ಕಾಫಿನಾಡು ತಮ್ಮಾ, ದಿನ ಬೇಕು, ಒಪ್ಪಿದೆ. ಆದರೆ ನಮ್ಮದೇ 1962ರ ಜಕಾರ್ತಾ ಏಷ್ಯನ್ ಗೇಮ್ಸ್ ತಂಡ ಯಾಕೆ ಯಾರಿಗೂ ನೆನಪಾಗಲಿಲ್ಲ? ಕೋಚ್ ಸೈಯದ್ ಅಬ್ದುಲ್ ರಹೀಂ, ಹೈದರಾಬಾದಿನವರು, ಅವರೂ ಮೇಷ್ಟ್ರಾಗಿದ್ದವರೇ. ಕ್ಯಾಪ್ಟನ್ ಚುನಿ ಗೋಸ್ವಾಮಿ ಮೋಹನ್ ಬಗಾನ್, ಬಲರಾಂ ಈಸ್ಟ್ ಬೆಂಗಾಲ್, ಪಿ.ಕೆ. ಬ್ಯಾನರ್ಜಿ ಈಸ್ಟರ್ನ್ ರೈಲ್ವೆ. ಕೋಲ್ಕತ್ತಾದಲ್ಲಿ ಬಗಾನ್ ಮತ್ತು ಈಸ್ಟ್ ಬೆಂಗಾಲ್ ಅಂದರೆ ಎಂಥಾ ಹಗೆ ಅಂತ ಗೊತ್ತಲ್ಲ. ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯಾ ಮೇಲೆ 2-0ಯಿಂದ ಸೋತರು. ಗುಂಪು ಕಟ್ಟಿಕೊಂಡು ಒಬ್ಬರನ್ನೊಬ್ಬರು ದೂರುವ ತಂಡ ಆಗಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಡಿಫೆಂಡರ್ ಜರ್ನೈಲ್ ಸಿಂಗ್ ತಲೆಗೆ ಪೆಟ್ಟಾಗಿ ಹೊಲಿಗೆ ಬಿತ್ತು. ರಹೀಂ ಜರ್ನೈಲ್‌ರನ್ನು ಮನೆಗೆ ಕಳಿಸಲಿಲ್ಲ, ಫಾರ್ವರ್ಡ್ ಆಗಿ ನಿಲ್ಲಿಸಿದರು. ಫೈನಲ್‌ನಲ್ಲಿ ಅದೇ ಕೊರಿಯಾ. ಪಿ.ಕೆ. ಒಂದು ಗೋಲು, ಜರ್ನೈಲ್ ಒಂದು, 2-1ರಿಂದ ಚಿನ್ನ. ರಹೀಂ ಆಗಲೇ ಕ್ಯಾನ್ಸರ್‌ನಿಂದ ನರಳುತ್ತಿದ್ದರು, ಮರುವರ್ಷ ತೀರಿಕೊಂಡರು. ತನ್ನ ಜಾಗ ಬಿಟ್ಟು ಬೇರೆ ಜಾಗದಲ್ಲಿ ಆಡು ಅಂದರೆ ಎದುರು ಮಾತಾಡದೆ ಆಡುವಷ್ಟು ನಂಬಿಕೆಯನ್ನು ಆ ಕೋಚ್ ಗಳಿಸಿದ್ದರು. ನಿಮ್ಮ ಹುಡುಗರಿಗೂ ಮೊದಲು ಬೇಕಿರುವುದು ಅದು: ಮೇಷ್ಟ್ರು ಯಾವ ಊರಿನವರನ್ನೂ ಮುದ್ದು ಮಾಡುವುದಿಲ್ಲ ಅನ್ನುವ ನಂಬಿಕೆ.

ಹಾಸನ_ಪಿಟಿ_ಮೇಷ್ಟ್ರು

ತುಂಬಾ ಉಪಕಾರ ಆಯಿತು ಎಲ್ಲರಿಂದ. ಇನ್ನೊಂದು ಕೇಳಲೇ? ಯಾರಿಗೂ ಬೇಜಾರಾಗದ ಹಾಗೆ ಒಂದೊಂದು ಪಂದ್ಯಕ್ಕೆ ಒಂದೊಂದು ತಾಲ್ಲೂಕಿನ ಹುಡುಗನನ್ನು ಕ್ಯಾಪ್ಟನ್ ಮಾಡಿದರೆ ಹೇಗೆ?

ಹಳೇ_ಗೋಲಿ

ಬೇಡ ಮೇಷ್ಟ್ರೇ. 2019ರ ಏಷ್ಯನ್ ಕಪ್‌ನಲ್ಲಿ ಭಾರತದ ಆಗಿನ ಕೋಚ್ ಕಾನ್‌ಸ್ಟಂಟೈನ್ ಹೀಗೇ ಕ್ಯಾಪ್ಟನ್ ತೋಳಿನ ಪಟ್ಟಿ ಬದಲಿಸಿದರು. ಬಹ್ರೇನ್ ವಿರುದ್ಧ ಡ್ರಾ ಆಗಿದ್ದರೂ ಮುಂದಿನ ಸುತ್ತು ಸಿಗುತ್ತಿತ್ತು. ಛೆಟ್ರಿ ಮೈದಾನದಲ್ಲಿದ್ದರೂ ಆವತ್ತು ಕ್ಯಾಪ್ಟನ್ ಪ್ರೊಣಯ್ ಹಾಲ್ದರ್. ಕೊನೇ ಗಳಿಗೆಯಲ್ಲಿ ಹಾಲ್ದರ್ ಫೌಲ್‌ನಿಂದಲೇ ಪೆನಾಲ್ಟಿ ಹೋಗಿ 1-0ಯಿಂದ ಸೋತೆವು. ತೋಳಿನ ಪಟ್ಟಿಯಿಂದಲೇ ಫೌಲ್ ಆಯಿತು ಅಂತ ನಾನು ಹೇಳುವುದಿಲ್ಲ, ಆ ಹುಡುಗ ಪ್ರಾಣ ಕೊಟ್ಟು ಆಡಿದ್ದ. ಆದರೆ ಅಷ್ಟು ಒತ್ತಡದ ಕೊನೇ ಹತ್ತು ನಿಮಿಷದಲ್ಲಿ ಎಲ್ಲರೂ ತಿರುಗಿ ನೋಡುವ ಮುಖ ಒಂದೇ ಇರಬೇಕು.

ಚೆನ್ನಾಗಿ ಆಡುವವನೇ ಆಗಬೇಕಿಲ್ಲ. ಗೋಲು ತಿಂದಾಗ ಯಾರು ಮೊದಲು ಚೆಂಡು ಎತ್ತಿಕೊಂಡು ಸೆಂಟರ್‌ಗೆ ಓಡುತ್ತಾನೆ, ತಪ್ಪು ಮಾಡಿದವನ ಬೆನ್ನು ತಟ್ಟುತ್ತಾನೆ ಅಂತ ಅಭ್ಯಾಸದಲ್ಲಿ ಗಮನಿಸಿ. ಅವನು ಅರಸೀಕೆರೆಯವನೋ ಬೇಲೂರಿನವನೋ ಆಗಿದ್ದರೆ ಇನ್ನೂ ಒಳ್ಳೆಯದು, ಆ ಎರಡು ಗುಂಪಿಗೂ ಸೇರದವನು. ಟೂರ್ನಿ ಮುಗಿಯುವ ತನಕ ಬದಲಿಸಬೇಡಿ. ಉಳಿದುಕೊಳ್ಳುವ ಕಡೆ ರೂಮ್ ಹಂಚುವುದನ್ನು ಹುಡುಗರಿಗೆ ಬಿಡಬೇಡಿ, ಒಂದೊಂದು ರೂಮಿಗೆ ಒಬ್ಬ ಟೌನ್ ಹುಡುಗ, ಒಬ್ಬ ಸಕಲೇಶಪುರದವನು ಅಂತ ನೀವೇ ಬರೆದು ಬಾಗಿಲಿಗೆ ಅಂಟಿಸಿ.