ಭಂಗು, ಸುಕ್ಕಿಗೆ "ಪ್ಲಾಂಟ್ ಬೇಸ್ಡ್" ಕ್ಯಾಪ್ಸೂಲ್: ನಿಜವಾಗ್ಲೂ ಪ್ರೂಫ್ ಇದ್ಯಾ?

ಸಂಪಿಗೆ_ಮೈಸೂರು:
ಎಲ್ರಿಗೂ ನಮಸ್ಕಾರ, ಗೊತ್ತಿರೋರು ಸ್ವಲ್ಪ ಹೇಳಿ. ನಂಗೆ 46, ಎರಡೂ ಕೆನ್ನೆ ಮೇಲೆ ಭಂಗು ಬಂದು ಕೂತಿದೆ, ಕಣ್ಣಂಚಲ್ಲಿ ಸುಕ್ಕೂ ಶುರುವಾಗಿದೆ. ನಮ್ಮ ನಾದಿನಿ ಒಂದು ಡಬ್ಬಿ ಕ್ಯಾಪ್ಸೂಲ್ ತಂದುಕೊಟ್ಟು ಮೂರು ತಿಂಗಳು ತಗೊಳ್ಳಿ ಅತ್ತಿಗೆ, ಮುಖ ಬದಲಾಗುತ್ತೆ ಅಂತಾಳೆ, ತಿಂಗಳಿಗೆ 1,900 ರೂಪಾಯಿ. ಮೇಲೆ "100% ಪ್ಲಾಂಟ್ ಬೇಸ್ಡ್, ಕ್ಲಿನಿಕಲಿ ಪ್ರೂವನ್" ಅಂತ ದೊಡ್ಡದಾಗಿ ಹಾಕಿದ್ದಾರೆ. ಹಿಂದೆ ಸಣ್ಣ ಅಕ್ಷರದಲ್ಲಿ ಅರಿಶಿನದ ಎಕ್ಸ್‌ಟ್ರಾಕ್ಟ್ 500 ಮಿಗ್ರಾಂ, ಪೈಪರಿನ್, ಗ್ರೀನ್ ಟೀ ಎಕ್ಸ್‌ಟ್ರಾಕ್ಟ್, ನೆಲ್ಲಿಕಾಯಿ, ಬೀಟಾ ಕೆರೋಟಿನ್, ಲೈಕೋಪೀನ್, ಅಗಸೆ ಸೊಪ್ಪಿನ ಬಯೋಟಿನ್, ಆಮೇಲೆ "ವೀಗನ್ ಕೊಲಾಜನ್". ನಾವು ಸಸ್ಯಾಹಾರಿಗಳು, ಮೀನಿನ ಕೊಲಾಜನ್ ಬೇಡ ಅಂದಿದ್ದೆ, ಅದಕ್ಕೇ ಇದನ್ನ ತಂದಿದ್ದಾಳೆ. ಥೈರಾಯ್ಡ್ ಮಾತ್ರೆ ದಿನಾ ತಗೋತೀನಿ. ಇದು ಕೆಲಸ ಮಾಡುತ್ತಾ, ತಗೊಂಡ್ರೆ ಏನಾದ್ರೂ ತೊಂದ್ರೆ ಇದ್ಯಾ?

ಬಯೋಕೆಮ್_ಓದುಗ:
ಮೇಡಂ, ಲೇಬಲ್ ಪೂರ್ತಿ ಬರೆದಿದ್ದು ಒಳ್ಳೇದಾಯ್ತು, ಒಂದೊಂದಾಗಿ ಹೇಳ್ತೀನಿ.

ಮೊದಲು ಕೊಲಾಜನ್. ಗಿಡದಲ್ಲಿ ಕೊಲಾಜನ್ ಇರಲ್ಲ, ಅದು ಚರ್ಮವನ್ನ ಬಿಗಿಯಾಗಿ ಇಡೋ, ಪ್ರಾಣಿಗಳ ದೇಹದಲ್ಲಿ ಮಾತ್ರ ಆಗೋ ಪ್ರೋಟೀನು. ಇಂಥ ಡಬ್ಬಿಗಳಲ್ಲಿ ಆ ಹೆಸರಲ್ಲಿ ಸಾಮಾನ್ಯವಾಗಿ ಇರೋದು ಒಂದಿಷ್ಟು ಅಮೈನೋ ಆಸಿಡ್ಡು, ವಿಟಮಿನ್ ಸಿ, ಅಷ್ಟೇ. ಮೀನು, ದನದ ಕೊಲಾಜನ್ ಕಥೇನೂ ಗಟ್ಟಿ ಇಲ್ಲ, 2025ರಲ್ಲಿ 23 ಟ್ರಯಲ್‌ಗಳನ್ನ ಒಟ್ಟಿಗೆ ಇಟ್ಟು ನೋಡಿದಾಗ ಕಂಪನಿ ದುಡ್ಡಿಲ್ಲದೆ ನಡೆದ ಟ್ರಯಲ್‌ಗಳಲ್ಲಿ ಚರ್ಮಕ್ಕೆ ಲಾಭ ಕಾಣಿಸಲೇ ಇಲ್ಲ. ಯಾವ ಸಪ್ಲಿಮೆಂಟ್ ಸ್ಟಡಿ ಓದಿದ್ರೂ ದುಡ್ಡು ಯಾರು ಕೊಟ್ರು ಅನ್ನೋದನ್ನ ಮೊದಲು ನೋಡಬೇಕು ಅನ್ನೋದು ಇದಕ್ಕೇ.

ಲೈಕೋಪೀನ್‌ಗೆ (ಟೊಮೆಟೊಗೆ ಕೆಂಪು ಬಣ್ಣ ಕೊಡೋ ಅಂಶ) ಸ್ವಲ್ಪ ಆಧಾರ ಇದೆ. 2001ರಲ್ಲಿ ಜರ್ಮನಿಯಲ್ಲಿ ದಿನಾ 40 ಗ್ರಾಂ ಟೊಮೆಟೊ ಪೇಸ್ಟು 10 ಗ್ರಾಂ ಆಲಿವ್ ಎಣ್ಣೆ ಜೊತೆ 10 ವಾರ ತಿನ್ಸಿದ್ರು, ಯುವಿ ಬೆಳಕು ಬಿಟ್ಟಾಗ ಚರ್ಮ ಕೆಂಪಾಗೋದು ಸುಮಾರು 40% ಕಮ್ಮಿ ಆಯ್ತು. ಆದ್ರೆ ಅಳೆದಿದ್ದು ಕೆಂಪನ್ನ, ಸುಕ್ಕನ್ನೂ ಅಲ್ಲ ಭಂಗನ್ನೂ ಅಲ್ಲ, ಜನಾನೂ ಹತ್ತಿಪ್ಪತ್ತು ಅಷ್ಟೇ. ಮತ್ತೆ ಅದು ಕ್ಯಾಪ್ಸೂಲ್ ಅಲ್ಲ, ಊಟ. ಟೊಮೆಟೊನ ಎಣ್ಣೇಲಿ ಬೇಯಿಸಿದ್ರೆ ಲೈಕೋಪೀನ್ ಚೆನ್ನಾಗಿ ಮೈಗೆ ಸೇರುತ್ತೆ, ಟೊಮೆಟೊ ಗೊಜ್ಜಲ್ಲೂ ಆಗೋದು ಅದೇ.

ಅರಿಶಿನ ಮತ್ತೆ ಪೈಪರಿನ್ (ಕಾಳುಮೆಣಸಿನ ಖಾರದ ಅಂಶ) ಸ್ಟಡಿ ನಮ್ಮ ಬೆಂಗಳೂರಿಂದೇ, ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜು, 1998. 2 ಗ್ರಾಂ ಕರ್ಕ್ಯುಮಿನ್ (ಅರಿಶಿನದ ಹಳದಿ ಅಂಶ) ಜೊತೆ 20 ಮಿಗ್ರಾಂ ಪೈಪರಿನ್ ಕೊಟ್ರೆ ರಕ್ತಕ್ಕೆ ಸೇರೋದು 2,000% ಜಾಸ್ತಿ ಆಯ್ತು ಅಂತ. ಈ ನಂಬರನ್ನ ಎಲ್ಲಾ ಕಂಪನಿಯವ್ರೂ ಜಾಹೀರಾತಲ್ಲಿ ಹಾಕ್ತಾರೆ, ಆದ್ರೆ ಅವ್ರು ನೋಡಿದ್ದು ರಕ್ತದಲ್ಲಿ ಎಷ್ಟು ಸಿಕ್ತು ಅಂತ, ಚರ್ಮ ಏನಾಯ್ತು ಅಂತ ಆ ಸ್ಟಡೀಲಿ ನೋಡಿಲ್ಲ.

ಈಗ ನಂಗೆ ತುಂಬಾ ಮುಖ್ಯ ಅನ್ಸಿದ್ದು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಲ್ಲಿ ನ್ಯಾಂಬೋರ್ ಅಂತ ಊರು, ಅಲ್ಲಿ 1992ರಿಂದ 1996ರವರೆಗೆ ಜನರನ್ನ ಲಾಟರಿ ಥರ ಗುಂಪು ಮಾಡಿ ಕೆಲವರಿಗೆ ದಿನಾ ಸನ್‌ಸ್ಕ್ರೀನ್ ಹಚ್ಚೋಕೆ ಹೇಳಿದ್ರು, ಕೆಲವರಿಗೆ ದಿನಾ 30 ಮಿಗ್ರಾಂ ಬೀಟಾ ಕೆರೋಟಿನ್ (ಕ್ಯಾರೆಟ್ಟಿನ ಕಿತ್ತಳೆ ಬಣ್ಣದ ಅಂಶ, ನಿಮ್ಮ ಡಬ್ಬೀಲೂ ಇದೆ) ಮಾತ್ರೆ ಕೊಟ್ರು. ಕೈಯ ಹಿಂಭಾಗದ ಚರ್ಮಕ್ಕೆ ಸಿಲಿಕೋನ್ ಹಚ್ಚಿ ಅಚ್ಚು ತೆಗೆದು ಅದರ ಮೇಲಿನ ಗೆರೆಗಳನ್ನ ಮೈಕ್ರೋಸ್ಕೋಪಲ್ಲಿ ನೋಡಿ ಗ್ರೇಡ್ ಹಾಕಿದ್ರು, ಶುರೂಲಿ ಒಂದ್ಸಲ, ನಾಲ್ಕೂವರೆ ವರ್ಷ ಆದ್ಮೇಲೆ ಇನ್ನೊಂದ್ಸಲ. 55 ವರ್ಷದೊಳಗಿನ 903 ಜನರ ಲೆಕ್ಕ 2013ರಲ್ಲಿ ಬಂತು: ದಿನಾ ಸನ್‌ಸ್ಕ್ರೀನ್ ಹಚ್ಚಿದವ್ರ ಚರ್ಮ 24% ಕಮ್ಮಿ ಮುಪ್ಪಾಗಿತ್ತು, ಮಾತ್ರೆ ನುಂಗಿದವ್ರಲ್ಲಿ ಒಟ್ಟಾರೆ ಏನೂ ವ್ಯತ್ಯಾಸ ಇರಲಿಲ್ಲ. ಅವರು ಹೆಚ್ಚಾಗಿ ಬಿಳಿ ಚರ್ಮದವ್ರು, ಅದನ್ನ ನೆನಪಲ್ಲಿ ಇಟ್ಕೊಳ್ಳಿ. ಆದ್ರೂ ಕ್ರೀಮು ಮಾತ್ರೆ ಎರಡನ್ನೂ ಒಂದೇ ಟ್ರಯಲಲ್ಲಿ ಇಷ್ಟು ವರ್ಷ ನೋಡಿರೋದು ಅಪರೂಪ, ಸಾಮಾನ್ಯವಾಗಿ ಸಪ್ಲಿಮೆಂಟ್ ಟ್ರಯಲ್‌ಗಳು 8 ವಾರ 12 ವಾರಕ್ಕೆ ಮುಗಿದು ಹೋಗ್ತವೆ.

ಮನೇಲಿ ಯಾರಾದ್ರೂ ಸಿಗರೇಟ್ ಸೇದೋರಿದ್ರೆ ಈ ಡಬ್ಬಿ ಅವ್ರ ಕೈಗೆ ಕೊಡಲೇಬೇಡಿ. ಫಿನ್ಲೆಂಡಲ್ಲಿ ಸೇದೋ ಗಂಡಸರು 29,133 ಜನರ ಮೇಲೆ ಮಾಡಿದ ಟ್ರಯಲಲ್ಲಿ, ರಿಸಲ್ಟ್ ಬಂದಿದ್ದು 1994, ದಿನಾ 20 ಮಿಗ್ರಾಂ ಬೀಟಾ ಕೆರೋಟಿನ್ ತಗೊಂಡವ್ರಿಗೆ ಶ್ವಾಸಕೋಶದ ಕ್ಯಾನ್ಸರ್ 18% ಜಾಸ್ತಿ ಆಯ್ತು.

ಹುಬ್ಬಳ್ಳಿ_ಮೆಡಿಕಲ್:
ಅಕ್ಕಾರ, ನಾ ಮೆಡಿಕಲ್ ಶಾಪ್ ನಡಸ್ತೀನ್ರಿ, ಇಂಥಾ ಡಬ್ಬಿ ದಿನಾ ನೋಡ್ತೀನಿ. ಲೇಬಲ್ ಮ್ಯಾಲೆ ಎಲ್ಲರ "ನಾಟ್ ಫಾರ್ ಮೆಡಿಸಿನಲ್ ಯೂಸ್" ಅಂತ ಇರತೈತಿ ನೋಡ್ರಿ, ಎಫ್‌ಎಸ್‌ಎಸ್‌ಎಐ (ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ) ರೂಲ್ಸ್ ಪ್ರಕಾರ ಹಾಕಬೇಕು. ಅಂದ್ರ ಇದು ಔಷಧ ಅಲ್ಲ, ಆಹಾರದ ಲೆಕ್ಕ. ಔಷಧಕ್ಕ ಮಾಡೋ ಹಂಗ ಟ್ರಯಲ್ ಮಾಡಿ ತೋರಿಸಿ ಆಮ್ಯಾಲೆ ಮಾರಬೇಕು ಅಂತಿಲ್ಲ.

ನಿಮಗ ಥೈರಾಯ್ಡ್ ಐತಿ ಅಂದ್ರಿ, ಅದಕ್ಕ ಈ ಬಯೋಟಿನ್ (ಒಂದು ಬಿ ವಿಟಮಿನ್) ಬಗ್ಗೆ ಹುಷಾರಿರ್ರಿ. ಮನಷ್ಯಾಗ ದಿನಕ್ಕ ಬೇಕಾಗೋದು 30-40 ಮೈಕ್ರೋಗ್ರಾಂ, ಕೂದಲಾ ಚರ್ಮಾ ಅಂತ ಮಾರೋ ಮಾತ್ರ್ಯಾಗ 5,000, 10,000 ಇರತಾವ. ಅಗಸೆ ಸೊಪ್ಪಿಂದ ತೆಗದಿದ್ದಾದ್ರೂ ಬಯೋಟಿನ್ ಬಯೋಟಿನ್ನ ರೀ. ಅಷ್ಟ್ ತಗೊಂಡ್ರ ಲ್ಯಾಬ್ ಮಷೀನ್ ತಪ್ಪು ಓದತೈತಿ, ಥೈರಾಯ್ಡ್ ಟೆಸ್ಟಿನ್ಯಾಗ ಟಿಎಸ್‌ಎಚ್ ಕಡಿಮಿ, ಟಿ4 ಜಾಸ್ತಿ, ಅಂದ್ರ ಥೈರಾಯ್ಡ್ ಹೆಚ್ಚಾಗೇತಿ ಅನ್ನೋ ಹಂಗ ತೋರಸ್ತೈತಿ, ಡಾಕ್ಟ್ರು ಅದನ್ನ ನೋಡಿ ನಿಮ್ಮ ಥೈರಾಯ್ಡ್ ಮಾತ್ರಿ ಡೋಸ್ ಇಳಿಸಿಬಿಡ್ತಾರ. ಹಾರ್ಟ್ ಅಟ್ಯಾಕ್ ಗೊತ್ತು ಮಾಡೋ ಟ್ರೋಪೋನಿನ್ ಟೆಸ್ಟಿಗೂ ಇದ ತ್ರಾಸ ಆಗತೈತಿ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಾಗ ಎಚ್ಚರಿಕಿ ಕೊಟ್ಟೈತಿ.

ಶಿರಸಿ_ತೋಟ:
ಕಂಪನಿ ಡಬ್ಬಿ ಬಿಡಿ, ಆದ್ರೆ ಅರಿಶಿನ, ಒಂದೆಲಗ, ಅಮೃತಬಳ್ಳಿ ಎಲ್ಲಾ ನಮ್ಮಲ್ಲಿ ತಲತಲಾಂತರದಿಂದ ತಿಂತಾ ಬಂದಿದ್ದು, ಅದರಿಂದ ಕೆಟ್ಟದಾಗುತ್ತೆ ಅಂದ್ರೆ ನಂಬೋದು ಕಷ್ಟ. ನಮ್ಮ ಮನೇಲಿ ಒಂದೆಲಗದ ತಂಬುಳಿ ಇಲ್ಲದ ಬೇಸಿಗೆ ಇಲ್ಲ, ಅಜ್ಜಿಯ ಚರ್ಮ ಕೊನೇವರೆಗೂ ಚೆನ್ನಾಗಿತ್ತು.

ಬಯೋಕೆಮ್_ಓದುಗ:
ತಂಬುಳಿಗೆ ನನ್ನ ತಕರಾರೇ ಇಲ್ಲ ಸರ್, ದಿನಾ ಮಾಡಿ. ನಾನು ಹೇಳ್ತಿರೋದು ಡೋಸ್ ವಿಷಯ. ಅರ್ಧ ಚಮಚ ಅರಿಶಿನ ಪುಡಿ ಸುಮಾರು ಒಂದೂವರೆ ಗ್ರಾಂ, ಅದರಲ್ಲಿ ಕರ್ಕ್ಯುಮಿನ್ 3% ಆಸುಪಾಸು, ಅಂದ್ರೆ 45 ಮಿಗ್ರಾಂ, ಅದೂ ಇಡೀ ಮನೆಯವ್ರ ಸಾರಿಗೆ. 95% ಎಕ್ಸ್‌ಟ್ರಾಕ್ಟಿನ 500 ಮಿಗ್ರಾಂ ಕ್ಯಾಪ್ಸೂಲ್ ಅಂದ್ರೆ ಒಬ್ರಿಗೇ 475, ಜೊತೆಗೆ ಪೈಪರಿನ್ ಬೇರೆ. ಇಷ್ಟನ್ನ ನಮ್ಮ ಅಜ್ಜಿಯರು ಯಾರೂ ತಿಂದಿಲ್ಲ. 2022ರಲ್ಲಿ ಅಮೆರಿಕದ ಲಿವರ್ ತಜ್ಞರು ಅರಿಶಿನದ ಸಪ್ಲಿಮೆಂಟಿಂದ ಲಿವರ್ ಕೆಟ್ಟ 10 ಜನರ ಕೇಸು ಬರೆದ್ರು, ಅದರಲ್ಲಿ 7 ಜನಕ್ಕೆ ಎಚ್‌ಎಲ್‌ಎ-ಬಿ*35:01 ಅನ್ನೋ ಜೀನ್ ಇತ್ತು, ಒಬ್ರು ತೀರಿಕೊಂಡ್ರು. ಗ್ರೀನ್ ಟೀ ಎಕ್ಸ್‌ಟ್ರಾಕ್ಟೂ ಅಷ್ಟೇ, ಅದರಲ್ಲಿರೋ ಮುಖ್ಯ ಅಂಶ ಇಜಿಸಿಜಿ ದಿನಕ್ಕೆ 800 ಮಿಗ್ರಾಂ ಅಥವಾ ಜಾಸ್ತಿ ಆದ್ರೆ ಲಿವರ್ ಎನ್‌ಜೈಮ್ (ಲಿವರಿಗೆ ಪೆಟ್ಟಾಗ್ತಿರೋದರ ಸೂಚನೆ) ಏರುತ್ತೆ ಅಂತ ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2018ರಲ್ಲಿ ಹೇಳಿದೆ. ಅಮೃತಬಳ್ಳಿ ಬಗ್ಗೆ ಮುಂಬೈ ವೈದ್ಯರು 2021ರಲ್ಲಿ 6 ಜನರ ಲಿವರ್ ಕೇಸು ಬರೆದ್ರು, ಆಯುಷ್ ಸಚಿವಾಲಯ ಒಪ್ಪಲಿಲ್ಲ, ಆದ್ರೆ ಮರುವರ್ಷ 13 ಆಸ್ಪತ್ರೆಗಳಿಂದ 43 ಜನರ ವರದಿ ಬಂತು. ಎಲ್ರಿಗೂ ಹಿಂಗಾಗಲ್ಲ, ಆದ್ರೆ ಯಾರಿಗೆ ಆಗುತ್ತೆ ಅಂತ ಮೊದಲೇ ಹೇಳೋಕೆ ಬರಲ್ಲ. ಮುಖದ ಕಲೆಗೋಸ್ಕರ ಅಷ್ಟು ರಿಸ್ಕ್ ಯಾಕೆ ಅಂತ ನಂಗೆ ನಿಜವಾಗ್ಲೂ ಸಂಕಟ ಆಗುತ್ತೆ.

ಒಂದೆಲಗಕ್ಕೆ ಗಾಯದ ಮೇಲೆ ಹಚ್ಚೋ ರೂಪದಲ್ಲಿ ಸ್ವಲ್ಪ ಒಳ್ಳೆ ಆಧಾರ ಇದೆ. ನೆಲ್ಲಿಕಾಯಲ್ಲಿ ವಿಟಮಿನ್ ಸಿ ಬೇಕಾದಷ್ಟಿದೆ, ಕೊಲಾಜನ್ ಕಟ್ಟೋಕೆ ದೇಹಕ್ಕೆ ಅದು ಬೇಕೇ ಬೇಕು, ಆದ್ರೆ ಹೆಂಗಸರಿಗೆ ದಿನಕ್ಕೆ 65 ಮಿಗ್ರಾಂ ಸಾಕು, ಒಂದು ಸೀಬೆಹಣ್ಣಲ್ಲೇ ಬಂದು ಹೋಗುತ್ತೆ.

ಸಂಪಿಗೆ_ಮೈಸೂರು:
ಎಲ್ರಿಗೂ ತುಂಬಾ ಥ್ಯಾಂಕ್ಸ್, ಡಬ್ಬಿ ಆಗ್ಲೇ ಓಪನ್ ಮಾಡಿ ತಗೊಳ್ತಾ ಇದ್ದೆ, ಮುಂದಿನ ವಾರ ಥೈರಾಯ್ಡ್ ಟೆಸ್ಟ್ ಬೇರೆ ಇದೆ. ಮತ್ತೆ ಭಂಗಿಗೆ ಸನ್‌ಸ್ಕ್ರೀನ್ ಯಾವುದಾದ್ರೂ ನಡಿಯುತ್ತಾ?

ಬಯೋಕೆಮ್_ಓದುಗ:
ಭಂಗಿಗೆ ಯುವಿ ಒಂದೇ ಅಲ್ಲ, ಕಣ್ಣಿಗೆ ಕಾಣೋ ಬೆಳಕೂ ಬಣ್ಣ ಏರಿಸುತ್ತೆ, ನಮ್ಮಂಥ ಕಂದು ಚರ್ಮಕ್ಕೆ ಇನ್ನೂ ಜಾಸ್ತಿ. ಅದಕ್ಕೆ ಆ ಬೆಳಕನ್ನೂ ತಡೆಯೋ ಐರನ್ ಆಕ್ಸೈಡ್ ಇರೋ ಟಿಂಟೆಡ್ (ಬಣ್ಣದ) ಸನ್‌ಸ್ಕ್ರೀನ್ ತಗೊಳ್ಳಿ, ಎಸ್‌ಪಿಎಫ್ 30 ಅಥವಾ ಮೇಲೆ, ಹೊರಗಿದ್ರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿ. ಚರ್ಮದ ಡಾಕ್ಟರಿಗೂ ಒಂದ್ಸಲ ತೋರಿಸಿ.

ಹುಬ್ಬಳ್ಳಿ_ಮೆಡಿಕಲ್:
ಟೆಸ್ಟಿಗೆ ಕಮ್ಮಿ ಅಂದ್ರ ಎರಡು ದಿನ ಮೊದಲ ಆ ಕ್ಯಾಪ್ಸೂಲ್ ಬಂದ್ ಮಾಡ್ರಿ ಅಕ್ಕಾರ, ರಕ್ತ ತಗೊಳ್ಳೋರಿಗೂ ಬಯೋಟಿನ್ ತಗೊಂಡಿದ್ದೆ ಅಂತ ಹೇಳ್ರಿ. ಥೈರಾಯ್ಡ್ ಮಾತ್ರಿ ಮಾತ್ರ ಬಿಡಬ್ಯಾಡ್ರಿ. ಡಾಕ್ಟರ್ ಕಡೆ ಹೋಗುವಾಗ ಡಬ್ಬಿ ಕೈಯಾಗ ಒಯ್ರಿ, ಕಣ್ಣು ಹಳದಿ ಇಲ್ಲಾ ಮೂತ್ರ ಕಡು ಹಳದಿ ಆದ್ರ ಲಿವರ್ ತ್ರಾಸಿನ ಗುರುತು ಇರಬಹುದು, ಟೆಸ್ಟಿನ ದಿನದ ಮಟ ಕಾಯಬ್ಯಾಡ್ರಿ, ಅವತ್ತ ಹೋಗ್ರಿ.