ಕತ್ತಿ, ಗ್ರೈಂಡರ್, ವೆಲ್ಡಿಂಗ್: ಆಚಾರ್ರನ್ನ ಕೇಳಿ

ಅಡ್ಮಿನ್: ಅಡಿಕೆ ಸುಲಿಯೋ ಕಾಲ ಹತ್ತಿರ ಬಂತು. ಮೆಟ್ಟುಗತ್ತಿ (ಅಡಿಕೆ ಸುಲಿಯೋ ಕತ್ತಿ), ಗ್ರೈಂಡರ್, ವೆಲ್ಡಿಂಗ್ ಏನಿದ್ರೂ ಇಲ್ಲೇ ಕೇಳಿ. ಆಚಾರ್ರು ಕುಲುಮೆ, ವರ್ಕ್‌ಶಾಪ್ ಎರಡೂ ನಡೆಸೋರು, ಬಿಡುವಾದಾಗ ಉತ್ತರಿಸ್ತಾರೆ. ಫಾರ್ವರ್ಡ್ ಬೇಡ.

ಸಾಗರದ ತೋಟಿಗ: ಆಚಾರ್ರೇ, ಮೆಟ್ಟುಗತ್ತಿ ಎರಡು ದಿನಕ್ಕೆ ಮೊಂಡಾಗ್ತಿದೆ. ಅಪ್ಪನ ಕಾಲದ್ದು, ಚೆನ್ನಾಗೇ ಇತ್ತು. ಮಗ ಗ್ರೈಂಡರಲ್ಲಿ ಸಾಣೆ ಹಿಡಿದ ಮೇಲೆ ಹಿಂಗೆ. ಫೋಟೊ ನೋಡಿ, ಬಾಯಿ ಉದ್ದಕ್ಕೂ ನೀಲಿ ಗೆರೆ ಇದೆ.

ಆಚಾರ್: ಆ ನೀಲಿ ಗೆರೆಯೇ ಕಾರಣ. ಉಕ್ಕು ನೀಲಿ ತಿರುಗಿದೆ ಅಂದ್ರೆ ಅಲ್ಲಿ ಸುಮಾರು 300 ಡಿಗ್ರಿ ಬಿಸಿ ಹತ್ತಿದೆ, ಹದ ಇಳಿದಿದೆ, ಅಂದ್ರೆ ಗಟ್ಟಿತನ ಹೋಗಿದೆ. ಹುಡುಗ ಒಂದೇ ಕಡೆ ಒತ್ತಿ ಹಿಡಿದಿದ್ದಾನೆ, ನೀರಿಗೆ ಅದ್ದಿಲ್ಲ. ಹಾಗಂತ ಈಗಲೇ ಕುಲುಮೆಗೆ ತರಬೇಡಿ. ನೀಲಿ ಇರೋಷ್ಟನ್ನ ಕಲ್ಲಿನ ಮೇಲೆ ಕೈಯಲ್ಲೇ ಮಸೆದು ತೆಗೀರಿ. ಆಮೇಲೆ ಹೊಸ ಅರ ಆಡಿಸಿ ನೋಡಿ. ಅರ ಜಾರಿದ್ರೆ ಒಳಗೆ ಗಟ್ಟಿ ಉಳಿದಿದೆ, ಅಷ್ಟೇ ಸಾಕು. ಕಚ್ಚಿದ್ರೆ ಪೂರ್ತಿ ಮೆತ್ತಗಾಗಿದೆ, ಹೊಸದಾಗಿ ಹದ ಹಾಕಬೇಕು.

ಹೆಂಗೆ ಹಾಕ್ತೀವಿ ಅಂದ್ರೆ, ಬಾಯಿ ಕೆಂಪಗೆ ಕಾಯಿಸಿ ಆಗಾಗ ಅಯಸ್ಕಾಂತ ಮುಟ್ಟಿಸ್ತೀವಿ. 770 ಡಿಗ್ರಿ ಸುಮಾರಿಗೆ ಅದು ಅಂಟೋದು ಬಿಡ್ತದೆ. ಇನ್ನೊಂಚೂರು ಕಾಯಿಸಿ, ಬಾಯಿ ಮಾತ್ರ ಬೆಚ್ಚಗಿನ ಎಣ್ಣೆಗೆ. ಯಾವ ಉಕ್ಕು ಅಂತ ಗೊತ್ತಿಲ್ಲದಾಗ ಮೊದಲು ಎಣ್ಣೆಯೇ, ನೀರಲ್ಲಿ ಬಿರುಕು ಬಿಟ್ರೆ ಅಪ್ಪನ ಕತ್ತಿ ಹೋಯ್ತು. ಎಣ್ಣೆಗೆ ಅದ್ದಿ ತೆಗೆದಾಗ ಅದು ಗಾಜಿನ ಹಂಗೆ, ಕೈಜಾರಿದ್ರೆ ಚೂರು. ಒಂದು ಮಗ್ಗುಲು ಉಜ್ಜಿ ಬೆಳ್ಳಗೆ ಮಾಡಿ ಬೆನ್ನಿನ ಕಡೆಯಿಂದ ನಿಧಾನ ಕಾಯಿಸಬೇಕು. ಮೊದಲು ಹುಲ್ಲಿನ ಹಳದಿ, ಅದರ ಹಿಂದೆ ಕಂದು, ನೇರಳೆ, ನೀಲಿ ಸಾಲಾಗಿ ಬಾಯಿ ಕಡೆ ಹರಿದು ಬರ್ತವೆ. ಹಳದಿ ಬಾಯಿ ಮುಟ್ಟಿದ ತಕ್ಷಣ ನೀರಿಗೆ. ಬೆನ್ನು ನೀಲಿ ಇರ್ಲಿ, ಅದಕ್ಕೆ ಬಳುಕು ಬೇಕು. ಸಂಜೆ ಮಬ್ಬಲ್ಲಿ ಈ ಬಣ್ಣ ಕಾಣಲ್ಲ, ಬೆಳಗ್ಗೆ ಮಾಡಿ.

ಹೊಸನಗರ: ನಾನು ಎಂ.ಎಸ್. (ಮೈಲ್ಡ್ ಸ್ಟೀಲ್, ಮೆದು ಉಕ್ಕು) ಪಟ್ಟಿಯಲ್ಲಿ ಕತ್ತಿ ಮಾಡಿಸಿದೆ. ಎಷ್ಟು ಸಲ ಕಾಯಿಸಿ ಅದ್ದಿದ್ರೂ ಗಟ್ಟಿ ಆಗ್ತಿಲ್ಲ.

ಆಚಾರ್: ಆಗಲ್ಲ. ಅದ್ರಲ್ಲಿ ಇಂಗಾಲ ಸಾಲದು. ಲಾರಿ ಪಟ್ಟಾ (ಲಾರಿಯ ಸ್ಪ್ರಿಂಗ್ ಪಟ್ಟಿ) ತನ್ನಿ.

ಸೊರಬ: ಬಂದಿದ್ದು ಹಾಕ್ತಿದೀನಿ 👇 "ಕಾದ ಕತ್ತಿಯನ್ನು ಬಾಳೆದಿಂಡಿನ ರಸದಲ್ಲಿ ಅದ್ದಿದರೆ ಜೀವಮಾನ ಪೂರ್ತಿ ಹರಿತ. ಎಲ್ಲರಿಗೂ ತಿಳಿಸಿ 🙏"

ಆಚಾರ್: ಬಾಳೆದಿಂಡಿನ ರಸ ಅಂದ್ರೆ ಮುಕ್ಕಾಲುಪಾಲು ನೀರೇ ಮಾರಾಯ್ರೇ. ಜೀವಮಾನ ಪೂರ್ತಿ ಹರಿತ ಇದ್ದಿದ್ರೆ ನಾನ್ಯಾಕೆ ಅಂಗಡಿ ತೆಗೀಬೇಕಿತ್ತು?

ಭದ್ರಾವತಿ: ಹಳೇ ಭದ್ರಾವತಿ ಕಬ್ಬಿಣಕ್ಕೆ ಹದವೇ ಬೇಡ. 1923ರಲ್ಲಿ ನಮ್ಮ ಕಾರ್ಖಾನೆಯಲ್ಲಿ ಇದ್ದಿಲು ಹಾಕಿ ತೆಗೆದ ಕಬ್ಬಿಣ, ಈಗಿನ ಗುಜರಿ ಕರಗಿಸಿದ್ದಲ್ಲ.

ತೀರ್ಥಹಳ್ಳಿ: ಇದ್ದಿಲಿನ ಊದುಕುಲುಮೆಯಿಂದ ಬರೋದು ಬೀಡು ಕಬ್ಬಿಣ. ಬಡಿದ್ರೆ ಒಡೀತದೆ. ಬೀಡಿಂದ ಕತ್ತಿ ಮಾಡಿದ್ದು ಯಾರು ನೋಡಿದ್ದಾರೆ?

ಭದ್ರಾವತಿ: ಆಮೇಲೆ ಅಲ್ಲೇ ಉಕ್ಕೂ ಮಾಡಿದ್ರು. ನಮ್ಮಜ್ಜ ಅಲ್ಲೇ ಕೆಲಸ ಮಾಡಿದ್ದು, ನೀವು ಹೇಳಿಕೊಡ್ಬೇಡಿ.

ತೀರ್ಥಹಳ್ಳಿ: ಅಜ್ಜ ಕೆಲಸ ಮಾಡಿದ್ರೆ ಮೊಮ್ಮಗನಿಗೆ ಹದ ಬರುತ್ತಾ?

ರಿಪ್ಪನ್‌ಪೇಟೆ: ಪಂಪ್‌ಸೆಟ್ ಶಾಫ್ಟು ಸವೆದಿದೆ. ಲೇತಲ್ಲಿ ತುಂಬಿ ಟರ್ನಿಂಗ್ ಮಾಡಿಸೋಕೆ ಎಷ್ಟಾಗಬಹುದು?

ಭದ್ರಾವತಿ: ಅಜ್ಜನ ಸುದ್ದಿಗೆ ಬರಬೇಡಿ ಅಂದೆ.

ಕೊಪ್ಪ: ಮನೇಲಿ ತಮ್ಮ ಜಿ.ಐ. ಪೈಪಿಗೆ ಶೆಡ್ಡಿನೊಳಗೆ ವೆಲ್ಡಿಂಗ್ ಮಾಡಿದ. ರಾತ್ರಿ ಚಳಿ, ಜ್ವರ, ಬಾಯೆಲ್ಲ ಒಂಥರಾ ಲೋಹದ ರುಚಿ. ಹಾಲು, ಬೆಲ್ಲ ಕೊಟ್ಟೆ. ಬೇರೆ ಏನು ಮಾಡ್ಲಿ?

ಆಚಾರ್: ಉಸಿರು ಕಟ್ಟೋದು, ಎದೆನೋವು ಇದ್ಯಾ? ಇದ್ರೆ ಈಗಲೇ ಆಸ್ಪತ್ರೆಗೆ, ಇದನ್ನ ಓದ್ತಾ ಕೂರಬೇಡಿ. ಜ್ವರ ಮಾತ್ರ ಆದ್ರೆ ಸಾಮಾನ್ಯವಾಗಿ ಒಂದೆರಡು ದಿನಕ್ಕೆ ಇಳೀತದೆ. ಆದ್ರೂ ಡಾಕ್ಟರಿಗೆ ತೋರಿಸಿ, ಜಿ.ಐ. ಪೈಪ್ ವೆಲ್ಡ್ ಮಾಡಿದ್ದು ಅಂತ ಹೇಳಿ, ಇಲ್ಲಾಂದ್ರೆ ಮಲೇರಿಯಾ ಅಂತ ಹುಡುಕ್ತಾರೆ. ಆ ಪೈಪಿನ ಮೇಲಿರೋದು ಸತು. 907 ಡಿಗ್ರಿಗೆ ಕುದ್ದು ಹೊಗೆಯಾಗ್ತದೆ, ವೆಲ್ಡಿಂಗ್ ಬಿಸಿ ಅದನ್ನ ದಾಟಿ ಎಲ್ಲೋ ಹೋಗಿರ್ತದೆ. ಹಾಲು ಹೋಗೋದು ಹೊಟ್ಟೆಗೆ, ಹೊಗೆ ಹೋಗೋದು ಶ್ವಾಸಕೋಶಕ್ಕೆ. ಇನ್ಮುಂದೆ ಜೋಡಿಸೋ ಜಾಗದಲ್ಲಿ ಒಳಗೂ ಹೊರಗೂ ಸತು ಉಜ್ಜಿ ತೆಗೆದು, ಬಯಲಲ್ಲಿ ಕೆಲಸ, ಹೊಗೆಗೆ ಆಗೋ ಮಾಸ್ಕ್ ಹಾಕಿ. ಬಟ್ಟೆ ಕಟ್ಟೋದು ಲೆಕ್ಕಕ್ಕಿಲ್ಲ.

ಸೊರಬ: ಹಾಲು ಕುಡಿದ್ರೆ ಒಳ್ಳೇದು ಅಂತ ವೆಲ್ಡರುಗಳೇ ಹೇಳ್ತಾರಲ್ಲ?

ಆಚಾರ್: ಹೇಳ್ಲಿ.

ಶೃಂಗೇರಿ: 4 ಇಂಚಿನ ಗ್ರೈಂಡರ್ ಮೆಷಿನ್ನಿಗೆ ಗಾರ್ಡ್ ಬಿಚ್ಚಿ 7 ಇಂಚಿನ ಡಿಸ್ಕ್ ಹಾಕ್ಬಹುದಾ? ವಿಡಿಯೋದಲ್ಲಿ ಹಾಕ್ತಾರೆ.

ಆಚಾರ್: ಹಾಕ್ಬೇಡಿ. 7 ಇಂಚಿನ ಡಿಸ್ಕಿಗೆ ಬರೆದಿರೋದು 8,500 ಸುತ್ತು. ನಿಮ್ಮ ಮೆಷಿನ್ನು ನಿಮಿಷಕ್ಕೆ 11,000 ಓಡ್ತದೆ. ಒಡೆದ್ರೆ ಚೂರು ಮುಖಕ್ಕೆ. ಡಿಸ್ಕಿನ ನಡುವಿನ ತಗಡಿನ ಬಿಲ್ಲೆ ಮೇಲೆ ಅವಧಿ ಒತ್ತಿರ್ತಾರೆ, ಅದನ್ನೂ ನೋಡಿ. ನಮ್ಮ ಮಳೇಲಿ ಕೊಟ್ಟಿಗೆ ಗೋಡೆಗೆ ನೇತಾಕಿದ್ದ ಡಿಸ್ಕು ತೆಗೆದು ಬಿಸಾಕಿ.

ಹೊಸನಗರ: ಲಾರಿ ಪಟ್ಟಾಕ್ಕೆ ನೀರಾ ಎಣ್ಣೆನಾ ಆಚಾರ್ರೇ?

ಆಚಾರ್: ಎಣ್ಣೆ.

ಭದ್ರಾವತಿ: ನೀರಲ್ಲೇ ಹಾಕ್ತಿದ್ರು ಹಳಬರು.

ಆಚಾರ್: ಹಾಕಿ ನೋಡಿ. ಬಿರುಕು ಬಿಟ್ಟಿದ್ದು ನನ್ನತ್ರ ತರಬೇಡಿ.

ಅರಳಸುರಳಿ: ಮೆಟ್ಟುಗತ್ತಿ ಮೊಂಡಾಗ್ತಿದೆ, ಏನು ಮಾಡೋದು?

ಆಚಾರ್: ಮೇಲೆ ಓದಿ.

ರಿಪ್ಪನ್‌ಪೇಟೆ: ಶಾಫ್ಟಿಂದು ಯಾರೂ ಹೇಳ್ಲಿಲ್ಲ.